ಹಸಿ ನೆಲ

ಆಸ್ಪತ್ರೆ ದೊಡ್ಡದಾಗುತ್ತಿತ್ತು. ಹಳೇ ಕಟ್ಟಡದಲ್ಲಿ ರೋಗಿಗಳಿಗೆ ಕಾಲಿಡಲೂ ಜಾಗ ಸಾಲದೆ, ಪಕ್ಕದಲ್ಲೇ ಹೊಸದೊಂದು ಎದ್ದು ನಿಂತಿತ್ತು. ಎರಡನ್ನೂ ಕೂಡಿಸುವ ಉದ್ದನೆಯ ಕಾರಿಡಾರಿಗೆ ಟೈಲ್ಸ್ ಹಾಸುವ ಕೆಲಸ ಗೆರೆ ಮೇಸ್ತ್ರಿಯದು. ಸಂದುಗಳು ಗೆರೆ ಎಳೆದ ಹಾಗೆ ನೇರ ಇರಲೇಬೇಕೆಂದು ಹಟ ಹಿಡಿದು ಸಂಪಾದಿಸಿದ ಹೆಸರು ಅದು. ಹಾಸಿದ ನೆಲ ಗಟ್ಟಿಯಾಗುವ ತನಕ ಅದರ ಮೇಲೆ ನೊಣ ಕೂತರೂ ಅವನಿಗೆ ಸಿಟ್ಟು. ದೊಡ್ಡ ಡಾಕ್ಟರೇ ಒಮ್ಮೆ ಕಾಲಿಡಲು ಬಂದು, ಬೈಸಿಕೊಂಡು, ಅಂಗಳ ಸುತ್ತಿ ಹೋಗಿದ್ದರು.

ಅವತ್ತು ಅವನ ಜೀವ ಎರಡು ಕಡೆ ಹಂಚಿಹೋಗಿತ್ತು. ನಾಳೆ ಜಿಲ್ಲೆಯ ದೊಡ್ಡ ಸಾಹೇಬರು ಬಂದು ಈ ಕಾರಿಡಾರಿನ ರಿಬ್ಬನ್ ಕತ್ತರಿಸುವವರು, ಕೊನೆಯ ಸಾಲು ಇನ್ನೂ ಬಾಕಿ. ಅತ್ತ ಹಳೇ ಕಟ್ಟಡದಲ್ಲಿ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ಮಲಗಿದ್ದಳು. ಬೆಳಿಗ್ಗೆ ಹೆಂಡತಿ, "ಇನ್ನೂ ಹೊತ್ತಿದೆ. ನೀವಿಲ್ಲಿ ನಿಂತು ಬೆವರಿದ್ರೆ ಮಗು ಬೇಗ ಬರುತ್ತಾ? ಹೋಗಿ ಕೆಲಸ ನೋಡಿ," ಎಂದು ಅಟ್ಟಿದ್ದಳು.

ಮಧ್ಯಾಹ್ನ ಕೊನೆಯ ಸಾಲನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಿದ್ದಾಗ ಸ್ಟ್ರೆಚರೊಂದು ಗಡಗಡ ಬಂತು. ಆಪರೇಷನ್ ಥಿಯೇಟರ್ ಆಗಲೇ ಹೊಸ ಕಟ್ಟಡಕ್ಕೆ ಹೋಗಿತ್ತು. ಅಂಗಳದ ದಾರಿಗೆ ಕಾಂಕ್ರೀಟ್ ಲಾರಿ ಅಡ್ಡ ನಿಂತಿತ್ತು. ಮೇಸ್ತ್ರಿಗೆ ಕಂಡದ್ದು ಚಕ್ರ ಮಾತ್ರ. ದಡಬಡ ಎದ್ದು ಎರಡೂ ಕೈ ಚಾಚಿದ.

"ಏಯ್, ನಿಲ್ಲಿ! ಹಸಿ ಇದೆ! ಕಾಲಿಟ್ರೆ ಕಾಲು ಮುರೀತೀನಿ!"

"ಮಗೂ ಎದೆಬಡಿತ ಕಮ್ಮಿ ಆಗ್ತಿದೆ, ಸರೀರಿ ಆಚೆ!" ಎಂದಳು ನರ್ಸ್.

"ಸುತ್ಕೊಂಡು ಹೋಗಿ ಅಂದ್ನಲ್ಲ!"

"ಅಪ್ಪಾ..." ಎಂದಳು ಸ್ಟ್ರೆಚರಿನ ಮೇಲಿದ್ದವಳು.

ಮೇಸ್ತ್ರಿ ಆಗಷ್ಟೇ ಚಕ್ರ ಬಿಟ್ಟು ಮಗಳ ಮುಖ ನೋಡಿದ. ಮರುಕ್ಷಣ ತಾನೇ ಸ್ಟ್ರೆಚರ್ ಹಿಡಿದು ಓಡಿದ. ಚಕ್ರದಡಿ ಟೈಲ್ಸ್ ಪಚಕ್ ಪಚಕ್ ಎಂದು ಕುಸಿಯುತ್ತಿದ್ದರೆ, "ಬೇಗ, ಬೇಗ! ಹಾಳಾಗಿ ಹೋಗ್ಲಿ ನೆಲ!" ಎಂದು ಕೂಗುತ್ತಿದ್ದ. ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಅಲ್ಲೇ ಕುಕ್ಕರಿಸಿ, ತಾನು ಅಡ್ಡ ನಿಂತ ಆ ಗಳಿಗೆಯನ್ನು ನೆನೆದು ತಲೆ ಚಚ್ಚಿಕೊಂಡ. ಒಳಗೆ ಮಗು ಅತ್ತದ್ದು ಕೇಳಿದ ಮೇಲೇ ಅವನಿಗೂ ಅಳು ಬಂದದ್ದು.

ಸ್ಟ್ರೆಚರಿನ ಹಿಂದೆಯೇ ಓಡಿ ಬಂದು ಎಲ್ಲವನ್ನೂ ಕಂಡಿದ್ದ ಹೆಂಡತಿ ಸಂಜೆ ಅದಕ್ಕೆ ಉಪ್ಪು ಖಾರ ಹಚ್ಚಿ ಇಡೀ ವಾರ್ಡಿಗೆ ಹೇಳಿದಳು. ಹಸಿ ಬಾಣಂತಿ ಹೊಟ್ಟೆ ಹಿಡಿದುಕೊಂಡು, "ಸಾಕಮ್ಮಾ, ನಕ್ಕರೆ ಹೊಲಿಗೆ ಎಳೆಯುತ್ತೆ," ಎಂದಳು. ಮೇಸ್ತ್ರಿ ಮೊಮ್ಮಗಳ ಮುಷ್ಟಿಯನ್ನೇ ನೋಡುತ್ತಾ ಕೂತಿದ್ದ. ಬೈದರೂ, ನಕ್ಕರೂ ಅವನಿಗೆ ಎಲ್ಲವೂ ಸುಖವೇ.

ಮರುದಿನ ಅವನು ಹಾಡು ಗುನುಗುತ್ತಾ ಕುಸಿದ ಟೈಲ್ಸ್ ಎಬ್ಬಿಸುತ್ತಿದ್ದಾಗ, ರಜೆ ಮುಗಿಸಿ ಆಗಷ್ಟೇ ಬಂದ ಇಂಜಿನಿಯರ್ ನೆಲ ನೋಡಿ ಬೆಚ್ಚಿಬಿದ್ದ.

"ಏನ್ರೀ ಮೇಸ್ತ್ರಿ ಇದು! ಸಾಹೇಬ್ರು ಹೊರಟಾಗಿದೆ, ಉದ್ಘಾಟನೆ ಗತಿ ಏನು?"

ಮೇಸ್ತ್ರಿ ಕರಣೆ ಕೆಳಗಿಟ್ಟ. "ಅವರಿಗೆ ನಿಧಾನವಾಗಿ ಬರೋಕೆ ಹೇಳಿ ಸಾರ್. ಉದ್ಘಾಟನೆ ನಿನ್ನೇನೇ ಆಗೋಯ್ತು. ನನ್ನ ಮೊಮ್ಮಗಳು ಮಾಡಿದ್ಲು."