ಬೆಂಕಿ ಕಾಣದ ಹಾಲು

ಹೆರಿಗೆ ರಜೆ ಮುಗಿದ ಮೇಲೆ ಸುಧಾಮಣಿಗೆ ತನ್ನ ಮನೆ ಒಂದು ಊರಲ್ಲಿ, ಕೆಲಸ ಇನ್ನೊಂದು ಊರಲ್ಲಿ ಎಂಬುದು ಮೈಗೇ ತಿಳಿಯತೊಡಗಿತು. ಗುಂಡ್ಲುಪೇಟೆಯಲ್ಲಿ ಕೂಸಿಗೆ ಹಾಲೂಡಿಸಿ ಬಸ್ಸು ಹತ್ತಿದರೆ, ತೆರಕಣಾಂಬಿ ದಾಟಿ ಚಾಮರಾಜನಗರ ಸೇರುವಷ್ಟರಲ್ಲಿ ಎದೆ ಮತ್ತೆ ಬಿಗಿಯಲು ಶುರುವಾಗುತ್ತಿತ್ತು.

ಕಚೇರಿಯಲ್ಲಿ ಹಾಲು ತೆಗೆದುಕೊಳ್ಳಲು ಜಾಗವೆಂದರೆ ಹಳೆಯ ಕಡತಗಳನ್ನು ಪೇರಿಸಿಟ್ಟ ಕೋಣೆ. ಚಿಲಕ ಸರಿಯಾಗಿ ಬೀಳುತ್ತಿರಲಿಲ್ಲ. ಬಾಗಿಲಿಗೆ ಕುರ್ಚಿ ಒತ್ತರಿಸಿ, ಅದರ ಮೇಲೆ ತಾನೇ ಕೂತು ಪಂಪು ಹಚ್ಚಿಕೊಳ್ಳುವಳು. ಫೋನಿನಲ್ಲಿ ಕೂಸಿನ ಎರಡು ವಿಡಿಯೊಗಳಿದ್ದವು. ನಗುವ ವಿಡಿಯೊ ನೋಡಿದರೆ ಹಾಲು ಇಳಿಯುತ್ತಿರಲಿಲ್ಲ, ಅಳುವುದನ್ನೇ ಹಾಕಿಕೊಳ್ಳಬೇಕಿತ್ತು. ಪಕ್ಕದ ಮೇಜಿನ ನಾಸಿರಾ ಒಬ್ಬಳಿಗೆ ಮಾತ್ರ ವಿಷಯ ಗೊತ್ತು. ಯಾರಾದರೂ ಕೇಳಿದರೆ ಸುಧಾ ಊಟಕ್ಕೆ ಹೋಗಿದ್ದಾಳೆ ಎನ್ನುವಳು. ಇಷ್ಟು ಹೊತ್ತು ಉಂಡರೂ ಮೈಗೆ ಹತ್ತುತ್ತಿಲ್ಲವಲ್ಲ ಎಂದು ಗಂಡಸರು ನಗಾಡುತ್ತಿದ್ದರು. ಸುಧಾಮಣಿಯೂ ನಗುತ್ತಿದ್ದಳು. ಸೆರಗು ಒದ್ದೆಯಾಗಿದೆಯೋ ಎಂದು ಬಗ್ಗಿ ನೋಡಿಕೊಳ್ಳುತ್ತಿದ್ದಳು.

ಹಾಲಿನ ಬಾಟಲಿಗಳನ್ನು ಐಸಿನ ಚೀಲದಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತರುವಳು. ಮನೆಗೆ ಬಂದವಳೇ ಫ್ರಿಜ್ಜಿನಲ್ಲಿಡುವಳು. ಮಾರನೆಯ ದಿನ ಅತ್ತೆ ಶಿವರುದ್ರಮ್ಮ ಬಾಟಲಿಯನ್ನು ಬಿಸಿನೀರಿನಲ್ಲಿ ಅದ್ದಿಟ್ಟು, ಒಳಲೆಯಲ್ಲಿ ಕೂಸಿಗೆ ಕುಡಿಸಬೇಕು. ಇದು ಏರ್ಪಾಡು. ಗಂಡ ಮಾದೇಶ್ ಲಾರಿಯಲ್ಲಿ ತರಕಾರಿ ಲೋಡು ಹೇರಿಕೊಂಡು ಕೇರಳದ ಕಡೆ ಹೋದರೆ ಎಂದು ಬರುವನೋ ಹೇಳುವಂತಿರಲಿಲ್ಲ. ಫೋನು ಮಾಡಿದರೆ, ಅವ್ವ ಇದ್ದಾಳಲ್ಲ, ನಿನಗೇಕೆ ಚಿಂತೆ ಎನ್ನುವನು.

ಚಿಂತೆ ಇತ್ತು. ಸಂಜೆ ಮಡಿಲಿಗೆ ಹಾಕಿಕೊಂಡರೆ ಕೂಸು ನಾಲ್ಕು ಗುಟುಕು ಕುಡಿದು ಮುಖ ತಿರುಗಿಸುತ್ತಿತ್ತು. ಹೊಟ್ಟೆ ಗಟ್ಟಿಯಾಗಿರುತ್ತಿತ್ತು. ಪಂಪಿಗೆ ಬರುವ ಹಾಲೂ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿತ್ತು. ಮೆಂತ್ಯದ ಗಂಜಿ ಕುಡಿದಳು, ಸಬ್ಬಸಿಗೆ ಸೊಪ್ಪು ತಿಂದಳು. ಹೀಗೇ ಆದರೆ ಇನ್ನೊಂದು ತಿಂಗಳಲ್ಲಿ ತನಗೂ ಕೂಸಿಗೂ ನಡುವೆ ಇರುವ ಈ ಒಂದು ಎಳೆಯೂ ಹರಿದುಹೋಗುತ್ತದೆ ಎಂದು ಬಸ್ಸಿನ ಕಿಟಕಿಯ ಪಕ್ಕ ಕೂತು ಹೆದರುತ್ತಿದ್ದಳು. ಕೂಸು ಹಾಲು ಕುಡೀತಾ ಎಂದು ದಿನವೂ ಅತ್ತೆಯನ್ನು ಕೇಳುವಳು. ಕುಡೀತು ಎಂದು ಅತ್ತೆ ಬೇರೆಲ್ಲೋ ನೋಡುತ್ತಾ ಹೇಳುವಳು.

ಅವತ್ತು ಬಸ್ಸಿನಲ್ಲಿ ಕೂತ ಮೇಲೆ ಎಂದಿನಂತೆ ಚೀಲ ತಡಕಿದಳು. ಪಂಪಿನ ಸಣ್ಣ ರಬ್ಬರ್ ಬಿಲ್ಲೆ ಇರಲಿಲ್ಲ. ತೊಳೆದು ಒಣಗಲು ಹಾಕಿದವಳು ಅಡುಗೆಮನೆಯ ಕಿಟಕಿಯಲ್ಲೇ ಬಿಟ್ಟುಬಂದಿದ್ದಳು. ಅದಿಲ್ಲದಿದ್ದರೆ ಪಂಪು ಬರೀ ಗುಂಯ್‌ಗುಡುತ್ತದೆ, ಹಾಲು ಎಳೆಯುವುದಿಲ್ಲ. ಹೊರಟ ಬಸ್ಸು ನಿಲ್ಲಿಸಿ ಇಳಿದು, ಮನೆಗೆ ಓಡುತ್ತಲೇ ಬಂದಳು.

ಅಡುಗೆಮನೆಯ ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಶಿವರುದ್ರಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ದಾಸವಾಳದ ಬುಡಕ್ಕೆ ಬಾಟಲಿಯ ಹಾಲನ್ನು ಹುತ್ತಕ್ಕೆ ತನಿ ಎರೆಯುವಂತೆ ನಿಧಾನವಾಗಿ ಎರೆಯುತ್ತಿದ್ದಳು.

ಸುಧಾಮಣಿ ಹಿತ್ತಲ ಬಾಗಿಲಿಗೆ ಬಂದಳು. “ಅತ್ತೆ” ಎಂದಳು ಅಷ್ಟೆ.

ಶಿವರುದ್ರಮ್ಮ ಬೆಚ್ಚಲಿಲ್ಲ. ಬಾಟಲಿಯ ಮುಚ್ಚಳ ಹಾಕಿದಳು. “ತುಳಿಯೋ ಜಾಗಕ್ಕೆ ಉಯ್ಯನಿಲ್ಲ ಕಣಮ್ಮಿ. ಗಿಡದ ಬುಡಕ್ಕೇ ಉಯ್ದಿವ್ನಿ.”

“ದಿನಾನೂನಾ?”

ಮುದುಕಿ ತಲೆ ತಗ್ಗಿಸಿದಳು. “ಎದೆಹಾಲ ಬೆಂಕಿಗೆ ಕಾಣಿಸ್ಬಾರ್ದು. ಕಾವು ತಾಕುದ್ರೆ ಹೆತ್ತವಳ ಎದೆ ಬತ್ತೋಯ್ತದ. ನಮ್ಮವ್ವ ಯೋಳಿದ್ಲು. ತಣ್ಣಗಿರೋದ್ನ ಅಂಗೇ ಕುಡುಸುದ್ರೆ ಕೂಸ್ಗೆ ಶೀತ. ನಾ ಏನ್ ಮಾಡ್ಲವ್ವ?”

“ಒಲೆ ಮೇಲಿಡಿ ಅನ್ನಲಿಲ್ವಲ್ಲ ಅತ್ತೆ. ಬಿಸಿನೀರಲ್ಲಿ ಇಡಿ ಅಂದೆ.”

“ಆ ನೀರೇನು ಬಿಸ್ಲಲ್ಲಿ ಕಾದದಾ?”

ಕೂಸಿಗೆ ಇಷ್ಟು ದಿನ ಅದೇ ಬೀದಿಯ ಪುಟ್ಟಮಲ್ಲಪ್ಪನ ಮನೆಯ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುತ್ತಿದ್ದೆನೆಂದು ಅತ್ತೆ ಒಪ್ಪಿಕೊಂಡಳು. ಮೊದಲೇ ಹೇಳಿದ್ದರೆ ಓದಿದ ಸೊಸೆ ನಗುತ್ತಾಳೆಂಬ ಅಳುಕು. ಅಷ್ಟು ದೂರದಿಂದ ತೊಡೆಯ ಮೇಲಿಟ್ಟುಕೊಂಡು ತಂದವಳಿಗೆ ಬೇಡವೆನ್ನಲೂ ಬಾಯಿ ಬರಲಿಲ್ಲ.

ಸುಧಾಮಣಿಗೆ ಸಿಟ್ಟು ಬಂತು, ಆದರೆ ಅದನ್ನು ಎಲ್ಲಿಗೆ ಎಸೆಯಬೇಕೋ ತಿಳಿಯಲಿಲ್ಲ. ತನ್ನ ಹಾಲು ಬತ್ತಬಾರದೆಂದೇ ತನ್ನ ಹಾಲನ್ನು ಚೆಲ್ಲಿದವಳನ್ನು ಏನೆಂದು ಬೈಯುವುದು? ಕಡತಗಳ ನಡುವೆ ಅಳುವ ವಿಡಿಯೊ ನೋಡುತ್ತಾ ಕೂತ ಅಷ್ಟೂ ಮಧ್ಯಾಹ್ನಗಳು ಆ ಮಣ್ಣಿನಲ್ಲಿ ಇಂಗಿಹೋಗಿದ್ದವು.

“ಒಂದು ತೊಟ್ಟೂ ಬೆಂಕಿ ಕಂಡಿಲ್ಲ ಅತ್ತೆ. ಆದ್ರೂ ಬತ್ತುತ್ತಾ ಇದೆ. ಹೊಟ್ಟೆ ತುಂಬಿದ ಕೂಸು ಸಂಜೆ ನನ್ನ ಹತ್ರ ಕುಡಿಯೋದೇ ಇಲ್ಲ. ಕೂಸು ಕುಡೀದಿದ್ರೆ ಬತ್ತುತ್ತೆ.”

ಶಿವರುದ್ರಮ್ಮ ಒಳಗೆ ಹೋಗಿ, ಫ್ರಿಜ್ಜಿನಲ್ಲಿ ಉಳಿದಿದ್ದ ಎರಡು ಬಾಟಲಿಗಳಲ್ಲಿ ಒಂದನ್ನು ತಂದು, ಸೀರೆಯ ಮಡಿಕೆ ಸರಿಸಿ ಇನ್ನೊಂದು ಬದಿಯ ಬರಿ ಸೊಂಟಕ್ಕೆ ಒತ್ತಿ ಸಿಕ್ಕಿಸಿಕೊಂಡಳು. ತಣುಪಿಗೆ ಒಮ್ಮೆ ಮೈ ಜುಂ ಎಂದಿತು. “ಮೈ ಕಾವು ಬೆಂಕಿ ಅಲ್ಲ,” ಎಂದು ಹೊಸಿಲ ಮೇಲೆ ಕೂತಳು. “ನೀ ಓಗವ್ವ, ಬಸ್ಸು ತಪ್ಪೋಯ್ತದ.”

ಹಾಲು ಬೆಚ್ಚಗಾಗುವವರೆಗೆ ಕಾಯಲು ಹೊತ್ತಿರಲಿಲ್ಲ. ರಬ್ಬರ್ ಬಿಲ್ಲೆ ಎತ್ತಿಕೊಂಡು ಸುಧಾಮಣಿ ಮತ್ತೆ ಓಡಿದಳು.

ಸಂಜೆ ಬಂದಾಗ ಕೂಸು ಮಲಗಿತ್ತು. ಅತ್ತೆ ಬಾಗಿಲಲ್ಲೇ ಕಾದಿದ್ದಳು.

“ಒಂದ್ ತೊಟ್ಟೂ ಬುಡ್ನಿಲ್ಲ ಕಣಮ್ಮಿ. ಈಗ್ತಾನೇ ಇನ್ನೊಂದ್ ಬಾಟ್ಲೀನೂ ಕುಡ್ದದ. ಕುಡುದ್ಬುಟ್ಟು ನನ್ ಸೊಂಟಕ್ಕೇ ಮೂತಿ ಉಜ್ಜುತ್ತಾ ಹುಡುಕ್ತು, ನೀ ಅಲ್ಲೆ ಎಲ್ಲೋ ಇದ್ದೀಯೆ ಅಂತ.” ಹೇಳಿ ನಕ್ಕಳು. ಸುಧಾಮಣಿಯೂ ನಕ್ಕಳು.

ಅತ್ತೆ ಕಾಫಿಗಿಡಲು ಒಳಗೆ ಹೋದಳು, ಎಬ್ಬಿಸಬೇಡ ಎಂದು ಅಲ್ಲಿಂದಲೇ ಹೇಳಿದಳು. ಸುಧಾಮಣಿಯ ರವಿಕೆ ಒದ್ದೆಯಾಗುತ್ತಿತ್ತು. ಕೂಸಿನ ಹೊಟ್ಟೆ ಮೆತ್ತಗೆ ಏರಿ ಇಳಿಯುತ್ತಿತ್ತು. ಎದ್ದರೆ ಕುಡಿದೀತು ಎಂದುಕೊಂಡು, ಕಚೇರಿಯ ಸೀರೆಯನ್ನೂ ಬದಲಿಸದೆ, ಸುಧಾಮಣಿ ಪಕ್ಕದಲ್ಲಿ ಮಗ್ಗುಲಾದಳು.