ಮೊಲಕ್ಕೊಂದು ಬೆಚ್ಚನೆಯ ಮನೆ

ತರಗತಿಯಲ್ಲಿ ಸಾಕಿದ್ದ ಮೊಲಕ್ಕೆ ಚಳಿಯಾಗದಂಥ ಮನೆ ಕಟ್ಟುವುದು ಆ ತಿಂಗಳ ವಿಜ್ಞಾನ ಪ್ರಯೋಗ. ಮೇಷ್ಟ್ರು ಮಕ್ಕಳಿಂದ ಥರ್ಮೊಕೋಲ್ ಡಬ್ಬಿ ಮಾಡಿಸಿ, ಮೊಲವನ್ನು ಒಳಗಿಡಿಸಿ, ಸಂದುಗೊಂದಿಗೆಲ್ಲ ಟೇಪು ಸುತ್ತಿಸಿದರು. ಥರ್ಮಾಮೀಟರು ಏರಿದಂತೆಲ್ಲ ಚಪ್ಪಾಳೆಯೋ ಚಪ್ಪಾಳೆ.

ನೆಲ ಒರೆಸುತ್ತಿದ್ದ ಆಯಾ ಮಾತ್ರ ಡಬ್ಬಿಯ ಪ್ಲಾಸ್ಟಿಕ್ ಕಿಟಕಿಯಲ್ಲಿ ಇಣುಕಿದಳು. ಮೊಲ ಬಾಯಿ ಕಳೆದು ಏದುಸಿರು ಬಿಡುತ್ತಿತ್ತು. ಇಷ್ಟು ಜನರ ಕಣ್ಣು, ಮೇಲೆ ಮೇಷ್ಟ್ರ ಕನ್ನಡಕ ಬೇರೆ. ಎಲ್ಲವೂ ಥರ್ಮಾಮೀಟರಿನ ಅಂಕಿಗೆ ಅಂಟಿಕೊಂಡಿದ್ದವು. ಇವರ ಓದಿಗಿಷ್ಟು ಬೆಂಕಿ ಹಾಕ, ಎಂದುಕೊಂಡು ಅವಳು ಮುಚ್ಚಳ ಕಿತ್ತಳು.

“ಏನಮ್ಮಾ ಮಾಡ್ದೆ! ಬಿಸಿಯೆಲ್ಲಾ ಹೊರಟೋಯ್ತು!” ಮೇಷ್ಟ್ರು ಹಾರಾಡಿದರು.

“ಉಸಿರಾಡೋಕೆ ಒಂದು ತೂತೂ ಇಟ್ಟಿಲ್ವಲ್ಲ ಸಾರ್.”

“ತೂತಿಟ್ರೆ ಬಿಸಿ ನಿಲ್ಲುತ್ತಾ? ಆರನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು, ನಂಗೆ ಪಾಠ ಹೇಳ್ತೀಯಾ?”

ಮಕ್ಕಳು ಕಿಸಕ್ಕೆಂದರು. ಆಯಾ ಮೊಲವನ್ನು ಎದೆಗವಚಿಕೊಂಡು ಹೋಗಿ, ನಲ್ಲಿಯ ಬಳಿ ಅದರ ಕಿವಿಗಳನ್ನು ಒದ್ದೆ ಮಾಡುತ್ತ ಕೂತಳು. ಕೊನೆಗೂ ಅದರ ಮೂಗು ಎಂದಿನಂತೆ ಅಲುಗತೊಡಗಿತು.

ಒಳಗೆ ಮೇಷ್ಟ್ರು ಖಾಲಿ ಡಬ್ಬಿಯನ್ನೇ ಮುಚ್ಚಿ ಪ್ರಯೋಗ ಮುಂದುವರಿಸಿದ್ದರು. ಬಿಸಿ ಇಳಿಯುತ್ತಲೇ ಹೋಯಿತು. ಅದು ಬರುತ್ತಿದ್ದದ್ದು ಮೊಲದ ಮೈಯಿಂದ ಎಂಬುದು ಅಷ್ಟು ಓದಿದ ತಲೆಗೆ ಹೊಳೆಯಲೇ ಇಲ್ಲ.

“ಟೇಪು ಸಾಲ್ದು ಕಣ್ರೋ, ಇನ್ನೊಂದು ಸುತ್ತು ಸುತ್ತಿ!” ಎಂದರು.