ಹದಿನಾಲ್ಕು ದಿನದ ಮಾತ್ರೆ

ಸ್ಯಾನಿಟೈಸರ್ ವಾಸನೆ, ಅದರಡಿ ಇನ್ಯಾರದೋ ವಾಂತಿಯ ಹುಳಿ, ಒರೆಸಿದ್ದಾರೆ ಆದರೆ ಬೆಂಚಿನ ಕಾಲಿಗೆ ಇನ್ನೂ ಒಂದು ಅನ್ನದ ಅಗುಳು ಅಂಟಿಕೊಂಡಿದೆ, ನೋಡಬಾರದು ಅಂದಷ್ಟೂ ಕಣ್ಣು ಅಲ್ಲಿಗೇ — ಪಕ್ಕದಲ್ಲಿ ಸಿದ್ದಕ್ಕಜ್ಜಿ ಕಾಲು ಮಡಚಿ ಕೂತು, ದುರ್ಗದ ಈ ಆಸ್ಪತ್ರೆ ತನ್ನ ಮನೆಯ ಜಗಲಿಯೇ ಎಂಬಂತೆ ಸೆರಗಿನ ಗಂಟಿನಲ್ಲಿ ಎಲೆ ಅಡಿಕೆ ಹುಡುಕುತ್ತಿದ್ದಾಳೆ, ಜಠರದಲ್ಲಿ ಗಡ್ಡೆ ಇಟ್ಟುಕೊಂಡವಳು, ಹಳೆಯ ಔಷಧಿಗಳೆಲ್ಲ ಸೋತ ಮೇಲೆ ಹೊಸ ಮಾತ್ರೆಯ ಪ್ರಯೋಗಕ್ಕೆ ಹೆಬ್ಬೆಟ್ಟು ಒತ್ತಿದವಳು, ಇದು ಹೊಸದು ಕಣಮ್ಮ, ಕೆಲಸ ಮಾಡುತ್ತೋ ಇಲ್ವೋ ನಮಗೂ ಗೊತ್ತಿಲ್ಲ, ನೋಡೋದಕ್ಕೇ ಕೊಡ್ತಿರೋದು ಅಂತ ಡಾಕ್ಟರು ಪ್ರಾಮಾಣಿಕವಾಗಿಯೇ ಹೇಳಿದ್ದರು, ಆ ಪ್ರಾಮಾಣಿಕತೆಯೇ ಕೆಡಿಸಿತು, ನೋಡುವುದು ಹೇಗೆಂದು ಅಜ್ಜಿಗೆ ಆಗಲೇ ಗೊತ್ತಿತ್ತು, ಹೊಸ ಔಷಧಿ ಬಂದರೆ ಇಡೀ ಹಿಂಡಿಗೆ ಕುಡಿಸುವವರುಂಟೇ, ಮೊದಲು ಒಂದು ಕುರಿಗೆ, ಮೇವು ಹಿಕ್ಕೆ ನೋಡಿ ಆಮೇಲೆ ಮಿಕ್ಕವಕ್ಕೆ, ಮಾರಿಕಣಿವೆ ಹಿನ್ನೀರಿನ ದಂಡೆಯಲ್ಲಿ ಐವತ್ತು ವರ್ಷ ಹಾಗೇ ಮಾಡಿದವಳು. ದಿನಾ ಸಂಜೆ ನಾನು, ನುಂಗಿದ್ಯಾ ಅಜ್ಜಿ, ಹ್ಞೂ ನುಂಗಿದೆ ಕಣೇ, ಆಸ್ಪತ್ರೆಯವರು ಕೊಟ್ಟ ಡೈರಿಯಲ್ಲಿ ರೈಟ್ ಹಾಕುತ್ತಿದ್ದೆ, ವಾಂತಿ ಇಲ್ಲ, ಭೇದಿ ಇಲ್ಲ, ಬಾಯಿಹುಣ್ಣು ಇಲ್ಲ, ಹಾಕುತ್ತ ಗಡ್ಡೆ ಹೊರಟೇಹೋದ ಕನಸು ಬೇರೆ, ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ, ಹೊಟ್ಟೆಯಲ್ಲಿ ಹಾವಿದ್ದ ರಾಣಿಯ ಕಥೆಯ ಹಾಗೆ, ಬಾಯೆದುರು ಹಾಲಿಟ್ಟರೆ ಹಾವು ಮೆಲ್ಲಗೆ ಹೊರಗೆ, ಆಮೇಲೆ ಹಾವು ಎಲ್ಲಿ ಹೋಯ್ತಜ್ಜಿ, ಇನ್ನೊಬ್ರ ಹೊಟ್ಟೆ ಹುಡುಕ್ಕಂಡು ಹೋಯ್ತು, ಮಲಗು ಇನ್ನ — ಈ ಬೆಳಗ್ಗೆ ಬಸ್ಸಿಗೆ ಹೊತ್ತಾಯಿತೆಂದು ಕರೆಯಲು ಕುರಿರೊಪ್ಪಕ್ಕೆ ಹೋದರೆ ಕುಂಟು ಕುರಿ ಕೆಂದಿ ಮೂಲೆಯಲ್ಲಿ ಬಿದ್ದಿದೆ, ಲೋಳೆ, ನಾಲಿಗೆ ಹೊರಗೆ, ನಾಲಿಗೆ ತುಂಬ ಬಿಳಿ ಹುಣ್ಣು, ಹುಣ್ಣಿನ ಮೇಲೆ ನೊಣ, ಅಜ್ಜಿ ಪಕ್ಕದಲ್ಲಿ ಕೂತು ಮುದ್ದೆಯ ಉಂಡೆಯೊಳಗೆ ಕೊನೆಯ ಮಾತ್ರೆ ಹುದುಗಿಸುತ್ತಿದ್ದಾಳೆ, ಏನೇ ಹಂಗ್ ನೋಡ್ತೀಯ, ಇದು ತಡಕಂಡ್ರೆ ನಾನೂ ನುಂಗಾಣ ಅಂತಿದ್ದೆ, ತಡಕಣಂಗಿಲ್ಲ ಬಿಡು. ಆಮೇಲೂ, ಗೊತ್ತಿದ್ದೂ, ಹದಿನಾಲ್ಕನೆಯ ರೈಟನ್ನು ಬಸ್ಸಿನಲ್ಲಿ ಕೂತು ನಾನೇ ಹಾಕಿದೆ, ಹಿರಿಯೂರು ದಾಟುವಾಗ, ಬಾಯಿಹುಣ್ಣು ಇಲ್ಲ ಅಂತ ದುಂಡಗೆ ಬರೆದೆ, ಥೂ, ಎಷ್ಟು ಅಂದದ ಅಕ್ಷರ ನನ್ನದು.

ಬರ್ರಿ ಒಳಗೆ ಅಂತ ನರ್ಸ್ ದೀಪಾ, ಖಾಲಿ ಡಬ್ಬಿ ಅಲ್ಲಾಡಿಸಿ, ಎಲ್ಲಾ ನುಂಗೀರಿ, ಭಾರಿ ಗಟ್ಟಿ ಅದೀರ ಬಿಡ್ರಿ, ಅಜ್ಜಿಯ ಬಾಯೊಳಗೆ ಟಾರ್ಚು, ಒಂದ್ ಹುಣ್ಣೂ ಇಲ್ಲ ಸಾರ್, ಕುರಿ ಕಾಯೋರ ಜೀವ ಹಿಂಗೇ ಕಣವ್ವ ಅಂತ ಅಜ್ಜಿ ನಾಚಿಕೆಯಿಲ್ಲದೆ ನಗುತ್ತಾಳೆ, ಡಾಕ್ಟರು ನನ್ನ ಡೈರಿ ತಿರುವುತ್ತಾರೆ, ಚೆನ್ನಾಗಿ ತಡ್ಕೊಂಡಿದಾರೆ, ಇವತ್ತಿಂದ ಎರಡರಷ್ಟು ಕೊಡೋಣ, ಮೊದಲನೇದು ಇಲ್ಲೇ ನುಂಗಲಿ — ಅಜ್ಜಿಯ ಉಗುರು ನನ್ನ ಮಣಿಕಟ್ಟಿನಲ್ಲಿ, ಬಾಯಿಬಿಟ್ಟರೆ ಪ್ರಯೋಗದಿಂದ ಹೊರಗೆ, ಬೇರೆ ಔಷಧಿ ಇಲ್ಲ, ಬಿಡದಿದ್ದರೆ ಎರಡು ಮಾತ್ರೆ ಒಟ್ಟಿಗೇ ಆ ಹೊಟ್ಟೆಗೆ, ನರ್ಸಿನ ಅಂಗೈಯಲ್ಲಿ ಎರಡು ಹಳದಿ ಮಾತ್ರೆ, ಲೋಟ, ಅಜ್ಜಿ ನಿಜವಾಗಿಯೂ ಬಾಯಿ ತೆರೆಯುತ್ತಿದ್ದಾಳೆ, ಸಿಕ್ಕಿಬೀಳಬಾರದೆಂಬ ಒಂದೇ ಹಟಕ್ಕೆ — ಕೊಡಬ್ಯಾಡ್ರಿ, ಇದು ನನ್ನ ದನಿಯೇ, ಅಜ್ಜಿ ಒಂದೂ ನುಂಗಿಲ್ಲ, ಉಗುರು ಸಡಿಲವಾಗುತ್ತದೆ, ಡಾಕ್ಟರು ಡೈರಿ ಮುಚ್ಚುತ್ತಾರೆ, ಮತ್ತೆ ಯಾರು ನುಂಗಿದ್ದು ರಂಜಿತಾ, ಹೇಳಬೇಕು, ಹೆಸರು ಗೊತ್ತು, ಹೆಸರು ಬರುತ್ತಿಲ್ಲ, ಬರುವುದು ನಾಲಿಗೆ, ಬಿಳಿ ಹುಣ್ಣು, ನೊಣ, ನಾಲಿಗೆ —